ವಯಸ್ಸಾದಂತೆ ರಾಜಕೀಯ ಬದಲಾಗುತ್ತಾ? ಅಪ್ಪನಿಗೆ ಇಪ್ಪತ್ತಾಗಿದ್ದು ಯಾವ ವರ್ಷ ಅಂತ ನೋಡಿ

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ. ನನಗೀಗ 34, ಅಪ್ಪನಿಗೆ 70. ಕಾಲೇಜಿನಲ್ಲಿದ್ದಾಗ ಅಪ್ಪ ಪಕ್ಕಾ ಸಮಾಜವಾದಿ. ಜೇಪಿ (ಜಯಪ್ರಕಾಶ್ ನಾರಾಯಣ್) ಹೆಸರು ಹೇಳಿಕೊಂಡು ಬೀದಿಗಿಳಿದವರು, ಎಮರ್ಜೆನ್ಸಿಯಲ್ಲಿ ಜೈಲಿಗೂ ಹೋಗಿದ್ದರು. ಜಾತಿ ಬಿಟ್ಟು ಮದುವೆಯಾದರು. ಈಗ ನೋಡಿದರೆ ಇಡೀ ದಿನ ಫೋನ್ ಹಿಡಿದು ಅದಕ್ಕೆಲ್ಲ ತದ್ವಿರುದ್ಧವಾದ ಮೆಸೇಜುಗಳನ್ನು ಫಾರ್ವರ್ಡ್ ಮಾಡ್ತಾರೆ. ಮೀಸಲಾತಿ ಸಾಕು ಅಂತಾರೆ, ದೇಶಕ್ಕೆ ಗಟ್ಟಿ ನಾಯಕ ಬೇಕು ಅಂತಾರೆ. ಕೇಳಿದರೆ 'ನಾನು ಮೊದಲಿಂದಲೂ ಹೀಗೇ' ಅಂತಾರೆ. ವಯಸ್ಸಾದಂತೆ ಎಲ್ಲರೂ ಹೀಗೇ ಆಗ್ತಾರಾ? 2011ರಲ್ಲಿ ಅಣ್ಣಾ ಹಜಾರೆ ಚಳವಳಿ ಅಂತ ಫ್ರೀಡಂ ಪಾರ್ಕಿಗೆ ಹೋಗಿ ಕೂತಿದ್ದವನು ನಾನು. ನಾಳೆ ನಾನೂ ಹೀಗಾಗ್ತೀನಾ?

ಉತ್ತರ: ಎಲ್ಲರೂ ಹಾಗಾಗುವುದಿಲ್ಲ. ನಿಮ್ಮ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ, ಮೊದಲು ಅಪ್ಪನ ಕಥೆ ನೋಡೋಣ.

ಇಪ್ಪತ್ತರಲ್ಲಿ ಸಮಾಜವಾದಿ ಆಗದವನಿಗೆ ಹೃದಯ ಇಲ್ಲ, ನಲವತ್ತಾದರೂ ಸಮಾಜವಾದಿಯಾಗೇ ಉಳಿದವನಿಗೆ ತಲೆ ಇಲ್ಲ ಅಂತ ಒಂದು ಮಾತು ಮದುವೆ ಮನೆ ಹರಟೆಯಿಂದ ಟಿವಿ ಚರ್ಚೆವರೆಗೂ ಓಡಾಡುತ್ತಿರುತ್ತದೆ. ಸಾಮಾನ್ಯವಾಗಿ ಅದನ್ನು ಚರ್ಚಿಲ್ ತಲೆಗೆ ಕಟ್ಟುತ್ತಾರೆ. ಚರ್ಚಿಲ್ ಬದುಕೇ ಇದಕ್ಕೆ ಉಲ್ಟಾ. 1900ರಲ್ಲಿ, 25ನೇ ವಯಸ್ಸಿಗೆ, ಕನ್ಸರ್ವೇಟಿವ್ ಪಕ್ಷದಿಂದ ಸಂಸತ್ತಿಗೆ ಹೋದ ಮನುಷ್ಯ 1904ರಲ್ಲಿ ಲಿಬರಲ್ ಪಕ್ಷ ಸೇರಿದ, ಆಮೇಲೆ ಇಪ್ಪತ್ತು ವರ್ಷ ಕಳೆದು ಹಳೇ ಮನೆಗೇ ವಾಪಸ್ ಬಂದ. ನಮ್ಮ ದೇಶಕ್ಕಂತೂ ಆ ಮಾತು ಹೊಂದೋದೇ ಇಲ್ಲ. 2014ರ ಚುನಾವಣೆ ಮುಗಿದ ಮೇಲೆ ಲೋಕನೀತಿ ಅನ್ನೋ ಸಂಶೋಧಕರ ತಂಡ ಮಾಡಿದ ಸಮೀಕ್ಷೆಯಲ್ಲಿ ಬಿಜೆಪಿ ಕಡೆ ಜಾಸ್ತಿ ವಾಲಿದ್ದು ಹುಡುಗರು, ಹಿರಿಯರಲ್ಲ. ಎಡಕ್ಕೆ ಹುಡುಗರು, ಬಲಕ್ಕೆ ಮುದುಕರು ಅನ್ನೋ ಲೆಕ್ಕ ಹಿಡಿದು ಹೊರಟರೆ ಭಾರತದಲ್ಲಿ ದಾರಿ ತಪ್ಪೋದು ಗ್ಯಾರಂಟಿ.

ನಾವು ಸುಮ್ನೆ 'ವಯಸ್ಸಾಯ್ತು, ಬದಲಾದರು' ಅಂದುಬಿಡ್ತೀವಲ್ಲ, ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿರುತ್ತವೆ. ಒಂದು, ಮನುಷ್ಯನ ವಯಸ್ಸು. ಇನ್ನೊಂದು, ಆ ಹೊತ್ತಿಗೆ ದೇಶದಲ್ಲಿ ನಡೆಯುತ್ತಿರುವುದು, ಅಂದರೆ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ಅಲ್ಲಾಡಿಸುವಂಥದ್ದು. ಮೂರನೆಯದು ಹುಟ್ಟಿದ ಇಸವಿ, ಅಂದರೆ ಇಪ್ಪತ್ತರ ಆಸುಪಾಸಿನಲ್ಲಿ ನೀವು ಏನನ್ನು ಕಂಡಿರಿ ಅನ್ನೋದು. ಇವು ಮೂರನ್ನೂ ಬಿಡಿಸಿ ನೋಡಬೇಕಾದರೆ ಒಬ್ಬರನ್ನೇ ಹಿಡಿದು ಹತ್ತಾರು ವರ್ಷ ಹಿಂಬಾಲಿಸಬೇಕು. ಅಂಥ ಕೆಲಸ ಮಾಡಿದವರು ಜಗತ್ತಿನಲ್ಲಿ ಕಡಿಮೆ, ಮಾಡಿದವರು ಬಹುಪಾಲು ಅಮೆರಿಕದವರು. ಹಾಗಾಗಿ ಒಂದೆರಡು ಉದಾಹರಣೆ ಅಲ್ಲಿಂದ ತರಲೇಬೇಕು, ಸಹಿಸಿಕೊಳ್ಳಿ.

ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಕಾಲೇಜು 1930ರ ದಶಕದಲ್ಲಿ ಆಗಷ್ಟೇ ಶುರುವಾಗಿತ್ತು. ಹೆಣ್ಣುಮಕ್ಕಳ ಕಾಲೇಜು, ದುಬಾರಿ ಬೇರೆ. ಬರುತ್ತಿದ್ದವರು ಶ್ರೀಮಂತ ಮನೆಯವರು, ಅಪ್ಪ-ಅಮ್ಮ ಹೆಚ್ಚಾಗಿ ರಿಪಬ್ಲಿಕನ್, ಅಂದರೆ ಅಲ್ಲಿನ ಬಲಪಂಥದ ಪಕ್ಷದ ಕಡೆಯವರು. ಪಾಠ ಮಾಡುತ್ತಿದ್ದವರು ಮಾತ್ರ ಎದುರು ಪಕ್ಷದ, ಅಂದರೆ ಡೆಮಾಕ್ರಟಿಕ್ ಅಧ್ಯಕ್ಷ ರೂಸ್‌ವೆಲ್ಟ್ ಬೆಂಬಲಿಗರು. ಥಿಯೋಡರ್ ನ್ಯೂಕೂಂಬ್ ಅನ್ನೋ ಅಧ್ಯಾಪಕ ಈ ಹುಡುಗಿಯರು ಏನಾಗ್ತಾರೆ ನೋಡೋಣ ಅಂತ ಅಧ್ಯಯನಕ್ಕೆ ಕೂತರು. 1936ರ ಅಧ್ಯಕ್ಷ ಚುನಾವಣೆ ಹೊತ್ತಿಗೆ ಮೊದಲ ವರ್ಷದ ಹುಡುಗಿಯರಲ್ಲಿ ಶೇ 62 ಮಂದಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಕಡೆ ಇದ್ದರು. ಮೇಲಿನ ಎರಡು ವರ್ಷದವರಲ್ಲಿ ಆ ಸಂಖ್ಯೆ ಶೇ 15. ಕಾಲೇಜು ಕೆಡಿಸಿತು ಅಂತ ಅಪ್ಪಂದಿರು ಗೊಣಗಿರಬಹುದು. ಮಜಾ ಇರೋದು ಆಮೇಲೆ. ಅದೇ ಹೆಂಗಸರನ್ನು 1960ರ ಸುಮಾರಿಗೆ ಹುಡುಕಿ ಮಾತಾಡಿಸಿದರು, 1984ರಲ್ಲಿ ಮತ್ತೊಮ್ಮೆ ಮಾತಾಡಿಸಿದರು. ಆ ಹೊತ್ತಿಗೆ ಅವರೆಲ್ಲ ಅಜ್ಜಿಯರು. ಇಡೀ ಅಮೆರಿಕ ರಿಪಬ್ಲಿಕನ್ ರೇಗನ್ ಹಿಂದೆ ಹೋದ ವರ್ಷ ಅದು, ಆದರೂ ಇವರಲ್ಲಿ ಬಹುಪಾಲು ಮಂದಿ ಕಾಲೇಜಿನಲ್ಲಿ ಎಲ್ಲಿ ನಿಂತಿದ್ದರೋ ಅಲ್ಲೇ ನಿಂತಿದ್ದರು. ಬದಲಾದವರು ಯಾರು ಅಂತ ನೋಡಿದಾಗ ವಯಸ್ಸಿಗಿಂತ ಹೆಚ್ಚಾಗಿ ಕಂಡಿದ್ದು ಗಂಡ ಮತ್ತು ಗೆಳತಿಯರು. ಹಳೇ ಶ್ರೀಮಂತ ವಲಯಕ್ಕೇ ಮದುವೆಯಾಗಿ ಹೋದವರು ಆ ವಲಯದ ಮಾತಿಗೆ ಮರಳಿದ್ದರು. ತಮ್ಮಂತೆ ಯೋಚಿಸುವವರ ನಡುವೆ ಬದುಕಿದವರು ಬದಲಾಗಲಿಲ್ಲ.

ಇನ್ನೊಂದು ಅಧ್ಯಯನ 1965ರಲ್ಲಿ ಹೈಸ್ಕೂಲ್ ಕೊನೆಯ ವರ್ಷದಲ್ಲಿದ್ದ ಹುಡುಗ ಹುಡುಗಿಯರದ್ದು. ಅವರನ್ನೇ 1973, 1982, 1997ರಲ್ಲಿ ಹುಡುಕಿ ಹುಡುಕಿ ಕೇಳಿದರು. ಅಲ್ಲೂ ಕಂಡಿದ್ದು ಅದೇ. ಹದಿನೆಂಟರಿಂದ ಇಪ್ಪತ್ತೈದು ಇಪ್ಪತ್ತಾರರವರೆಗೆ ಅಭಿಪ್ರಾಯ ತುಂಬಾ ಓಲಾಡುತ್ತದೆ, ಆಮೇಲೆ ಕುದುರಿಕೊಳ್ಳುತ್ತದೆ. ನಿಮ್ಮ ಅನುಮಾನಕ್ಕೂ ಅಲ್ಲಿ ಸ್ವಲ್ಪ ಆಧಾರ ಇದೆ, ಮುಚ್ಚಿಡಲ್ಲ. ಬದಲಾದ ಕೆಲವರಲ್ಲಿ ಎಡದಿಂದ ಬಲಕ್ಕೆ ಹೋದವರು ಬಲದಿಂದ ಎಡಕ್ಕೆ ಬಂದವರಿಗಿಂತ ಜಾಸ್ತಿ. ಆದರೆ ಬದಲಾಗದವರೇ ಹೆಚ್ಚು ಅನ್ನೋದನ್ನು ಮರೆಯಬೇಡಿ.

ಈಗ ಊರಿಗೆ ಬರೋಣ. 'ಎಮರ್ಜೆನ್ಸಿ ತಲೆಮಾರು' ಅಂತ ನಾವು ಒಂದೇ ಉಸಿರಿಗೆ ಹೇಳ್ತೀವಿ. ಕಾರ್ಲ್ ಮ್ಯಾನ್‌ಹೈಮ್ ಅನ್ನೋ ಸಮಾಜಶಾಸ್ತ್ರಜ್ಞ 1928ರಲ್ಲೇ ಒಂದು ಮಾತು ಹೇಳಿದ್ದ. ಒಂದೇ ಕಾಲದಲ್ಲಿ ಹುಟ್ಟಿ ಒಂದೇ ಘಟನೆ ಕಂಡ ಮಾತ್ರಕ್ಕೆ ಎಲ್ಲರೂ ಒಂದೇ ಥರ ಆಗಲ್ಲ, ಅದೇ ಘಟನೆ ಒಂದೊಂದು ಬಣಕ್ಕೆ ಒಂದೊಂದು ಪಾಠ ಕಲಿಸುತ್ತೆ ಅಂತ. ಇದಕ್ಕೆ ಪಟ್ನಾಗಿಂತ ಒಳ್ಳೇ ಸಾಕ್ಷಿ ನನಗೆ ಸಿಕ್ಕಿಲ್ಲ. 1973ರಲ್ಲಿ ಪಟ್ನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಕ್ಕೆ ಲಾಲು ಪ್ರಸಾದ್ ಅಧ್ಯಕ್ಷ, ಸುಶೀಲ್ ಮೋದಿ ಪ್ರಧಾನ ಕಾರ್ಯದರ್ಶಿ. ರವಿಶಂಕರ್ ಪ್ರಸಾದ್ ಕೂಡ ಅದೇ ಪದಾಧಿಕಾರಿಗಳ ಪಟ್ಟಿಯಲ್ಲಿದ್ದರು. ಪಕ್ಕದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ನಿತೀಶ್ ಕುಮಾರ್. 1974ರ ಜೂನ್ 5ರಂದು ಗಾಂಧಿ ಮೈದಾನದಲ್ಲಿ ಜೇಪಿ ಸಂಪೂರ್ಣ ಕ್ರಾಂತಿಗೆ ಕರೆ ಕೊಟ್ಟಾಗ ಇವರೆಲ್ಲ ಒಂದೇ ಚಳವಳಿಯ ಹುಡುಗರು. ಮುಂದೇನಾಯ್ತು? 1990ರ ಅಕ್ಟೋಬರ್‌ನಲ್ಲಿ ಅಡ್ವಾಣಿ ರಥ ಬಿಹಾರಕ್ಕೆ ಬಂದಾಗ ಸಮಸ್ತಿಪುರದಲ್ಲಿ ತಡೆದು ಬಂಧಿಸಿದ್ದು ಮುಖ್ಯಮಂತ್ರಿ ಲಾಲು. ಸುಶೀಲ್ ಮೋದಿ ಮತ್ತು ರವಿಶಂಕರ್ ಪ್ರಸಾದ್ ಬಿಜೆಪಿಯ ದೊಡ್ಡ ನಾಯಕರಾದರು. ನಿತೀಶ್ 1994ರಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೊತೆ ಸಮತಾ ಪಕ್ಷ ಕಟ್ಟಿದರು, ಆಮೇಲಿನ ಅವರ ಓಡಾಟದ ಲೆಕ್ಕ ಇಡೋಕೆ ಬೇರೆ ಪುಸ್ತಕವೇ ಬೇಕು. ಲಾಲು ತಮ್ಮ ಮೊದಲ ಮಗಳಿಗೆ ಮೀಸಾ ಅಂತ ಹೆಸರಿಟ್ಟರು, ಎಮರ್ಜೆನ್ಸಿಯಲ್ಲಿ ತಮ್ಮನ್ನು ಒಳಗೆ ಹಾಕಿದ ಮೀಸಾ ಕಾಯ್ದೆಯ ನೆನಪಿಗೆ. ಅದೇ ಲಾಲು 2004ರಲ್ಲಿ ಕಾಂಗ್ರೆಸ್ ಮುನ್ನಡೆಸಿದ ಸರ್ಕಾರದಲ್ಲಿ ರೈಲ್ವೆ ಮಂತ್ರಿಯಾದರು.

ಇವರಲ್ಲಿ ಬದಲಾದವರು ಯಾರು, ಬದಲಾಗದವರು ಯಾರು? ಪ್ರತಿಯೊಬ್ಬರನ್ನೂ ಕೇಳಿದರೆ ನಾನು ಬದಲಾಗಿಲ್ಲ, ಮಿಕ್ಕವರು ಬದಲಾದರು ಅಂತಾರೆ. ರಾಜಕಾರಣಿಗಳಿಗೆ ಟಿಕೆಟ್ಟು, ಕುರ್ಚಿ ಅಂತೆಲ್ಲ ಇರೋದರಿಂದ ಅವರ ಪಕ್ಷಾಂತರವನ್ನೇ ನಂಬಿಕೆಯ ಬದಲಾವಣೆ ಅಂದುಕೊಳ್ಳಬಾರದು, ನಿಜ. ಆದರೆ ಒಂದು ಚಳವಳಿಯೊಳಗೆ ಎಷ್ಟು ಬೇರೆ ಬೇರೆ ಆಸೆಗಳು ಒಟ್ಟಿಗೆ ಕೂತಿದ್ದವು ಅನ್ನೋದು ಅವರಿಂದ ಗೊತ್ತಾಗುತ್ತೆ. ಒಬ್ಬನಿಗೆ ಜೇಪಿ ಅಂದರೆ ಹಿಂದುಳಿದವರ ಕೈಗೆ ಅಧಿಕಾರ ಬರೋದು. ಇನ್ನೊಬ್ಬನಿಗೆ ಇಂದಿರಾ ಗಾಂಧಿಯನ್ನು ಇಳಿಸೋದು. ಮತ್ತೊಬ್ಬನಿಗೆ ಭ್ರಷ್ಟಾಚಾರ. ವೈರಿ ಎದುರಿಗಿರುವವರೆಗೂ ಈ ವ್ಯತ್ಯಾಸ ಯಾರಿಗೂ ಕಾಣಲ್ಲ.

ಕರ್ನಾಟಕದಲ್ಲಿ ಕಥೆ ಇನ್ನೂ ಸೊಗಸಾಗಿದೆ. ನಿಮ್ಮಪ್ಪ ಮೊದಲ ಸಲ ವೋಟು ಹಾಕಿದ್ದು 1977ರಲ್ಲೇ ಇರಬೇಕು, ಆಗ 21 ಆಗಬೇಕಿತ್ತಲ್ಲ. ಆ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಸ್ಥಾನದಲ್ಲಿ ಕಾಂಗ್ರೆಸ್‌ಗೆ ಒಂದೂ ಬರಲಿಲ್ಲ, ಬಿಹಾರದ 54ರಲ್ಲೂ ಸೊನ್ನೆ. ಕರ್ನಾಟಕದಲ್ಲಿ? 28ಕ್ಕೆ 26. ಮರುವರ್ಷ ಇಂದಿರಾ ಗಾಂಧಿ ಚಿಕ್ಕಮಗಳೂರಿಗೇ ಬಂದು ಗೆದ್ದು ಹೋದರು. ನಿಮ್ಮಪ್ಪನ ಜೊತೆಗಾರರು ಕನ್ನಡಿಗರಿಗೆ ಪ್ರಜಾಪ್ರಭುತ್ವದ ಬೆಲೆಯೇ ಗೊತ್ತಿಲ್ಲ ಅಂತ ಬೈದುಕೊಂಡಿರ್ತಾರೆ.

ಅದೇ ವರ್ಷ ದಕ್ಷಿಣ ಕನ್ನಡದ ಒಂದು ಗೇಣಿ ಒಕ್ಕಲು ಮನೆಯ ಹುಡುಗನನ್ನು ಕಲ್ಪಿಸಿಕೊಳ್ಳಿ. ಅವನಿಗೂ ಇಪ್ಪತ್ತೊಂದು. ಅಜ್ಜನ ಕಾಲದಿಂದ ಚಾಲಗೇಣಿ, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಧಣಿಗಳ ಮನೆಗೆ ಹೊತ್ತು ಹಾಕಬೇಕು, ಕೊಡದಿದ್ದರೆ ಗದ್ದೆ ಬಿಡಿ ಅಂತಾರೆ. 1974ರ ಮಾರ್ಚ್‌ನಲ್ಲಿ ಉಳುವವನಿಗೇ ಭೂಮಿ ಅನ್ನೋ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. 7ನೇ ನಂಬರಿನ ಫಾರಂ ತುಂಬಬೇಕು, ಊರಲ್ಲಿ ಅದಕ್ಕೆ 'ಡಿಕ್ಲರೇಶನ್ ಹಾಕೋದು' ಅಂತಿದ್ದರು. ಧಣಿಗೆ ಎದುರಾಗಿ ಕಾಗದ ಹಾಕಬೇಕೋ ಬೇಡವೋ ಅಂತ ಅಪ್ಪ ರಾತ್ರಿಯೆಲ್ಲ ಯೋಚನೆ ಮಾಡ್ತಾನೆ. ನಾಲ್ಕಕ್ಷರ ಕಲಿತ ಮಗನೇ ಫಾರಂ ತುಂಬ್ತಾನೆ, ಸರ್ವೆ ನಂಬರ್ ಹಾಕ್ತಾನೆ. ಟ್ರಿಬ್ಯುನಲ್ ಮುಂದೆ ಧಣಿ ಮತ್ತು ಒಕ್ಕಲು ಎದುರುಬದುರು ನಿಲ್ತಾರೆ, ಜೀವಮಾನದಲ್ಲಿ ಮೊದಲ ಬಾರಿ. ಗದ್ದೆ ಅಪ್ಪನ ಹೆಸರಿಗೆ ಆಗುತ್ತೆ. ಟ್ರಿಬ್ಯುನಲ್‌ಗಳ ಕೆಲಸ ನಡೆದ ಆ ವರ್ಷಗಳ ನಡುವೆಯೇ ಎಮರ್ಜೆನ್ಸಿ ಇತ್ತು ಅನ್ನೋದು ಗಮನಿಸಿ. ನಿಮ್ಮಪ್ಪನಿಗೆ 1975 ಅಂದರೆ ಜೈಲಿನ ಬಾಗಿಲು. ಈ ಹುಡುಗನಿಗೆ 1975 ಅಂದರೆ ಪಹಣಿಯಲ್ಲಿ ಬಂದ ಹೆಸರು. ಧಣಿ ಮನೆಯಲ್ಲೂ ಒಬ್ಬ ಇಪ್ಪತ್ತೊಂದರ ಹುಡುಗ ಇದ್ದನಲ್ಲ, ಅವನಿಗೆ ಮನೆಯ ಅಕ್ಕಿ ಕಣಜ ಖಾಲಿಯಾಗಿ ಬ್ಯಾಂಕ್ ಪರೀಕ್ಷೆ ಕಟ್ಟಬೇಕಾಗಿ ಬಂದ ವರ್ಷ. ಮೂರೂ ಜನ ಒಂದೇ ತಲೆಮಾರು.

ಇಲ್ಲಿಗೆ ನಿಲ್ಲಿಸಿದರೆ, ಗದ್ದೆ ಸಿಕ್ಕವನು ಸಾಯೋವರೆಗೂ ಕಾಂಗ್ರೆಸ್ ಅನ್ನೋ ಸುಲಭದ ತೀರ್ಮಾನಕ್ಕೆ ಬಂದುಬಿಡ್ತೀವಿ. ಮಂಗಳೂರು ಲೋಕಸಭಾ ಕ್ಷೇತ್ರದ ಲೆಕ್ಕ ನೋಡಿ. 1977, 80, 84, 89 ನಾಲ್ಕೂ ಸಲ ಕಾಂಗ್ರೆಸ್‌ನ ಜನಾರ್ದನ ಪೂಜಾರಿ ಗೆದ್ದರು. 1991ರಲ್ಲಿ ಸೋತರು. ಅಲ್ಲಿಂದ ಇಲ್ಲಿವರೆಗೆ ಆ ಕ್ಷೇತ್ರ ಬಿಜೆಪಿ ಕೈ ಬಿಟ್ಟಿಲ್ಲ, ನಡುವೆ ಕ್ಷೇತ್ರದ ಹೆಸರು ದಕ್ಷಿಣ ಕನ್ನಡ ಅಂತ ಬದಲಾದರೂ. ಎರಡೇ ವರ್ಷದಲ್ಲಿ ಹಳಬರೆಲ್ಲ ಸತ್ತು ಹೊಸಬರು ಹುಟ್ಟಿರಲಿಲ್ಲ, ಅಲ್ವಾ? ವೋಟಿನ ವಯಸ್ಸು 21ರಿಂದ 18ಕ್ಕೆ ಇಳಿದಿದ್ದೂ 1989ರಲ್ಲೇ, ಆ ಹೊಸ ಹುಡುಗರು ಪೂಜಾರಿ ಗೆದ್ದ ಚುನಾವಣೆಯಲ್ಲೂ ವೋಟು ಹಾಕಿದ್ದರು. ಹಾಗಾದರೆ ಅದು ಕಾಲದ ಹೊಡೆತ. ಅಯೋಧ್ಯೆಯ ಚಳವಳಿ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ಅಲ್ಲಾಡಿಸಿತು, ಕರಾವಳಿಯಲ್ಲಿ ಸಂಘದವರ ಕೆಲಸ ಮೊದಲೇ ನಡೆದಿತ್ತು, 1983ರಲ್ಲೇ ಬಿಜೆಪಿಗೆ ರಾಜ್ಯದಲ್ಲಿ 18 ಶಾಸಕರಿದ್ದರು. ಇದಕ್ಕೆ ನನ್ನ ಅಂದಾಜು ಒಂದನ್ನು ಸೇರಿಸ್ತೀನಿ. ಗದ್ದೆ ಕಳೆದುಕೊಳ್ಳುವ ಭಯ ಇರುವವರೆಗೆ ಒಕ್ಕಲು ಅನ್ನೋದೇ ಅವನ ಗುರುತಾಗಿತ್ತು. ಗದ್ದೆ ಸ್ವಂತದ್ದಾಯ್ತು, ಮಕ್ಕಳು ಮುಂಬೈಗೋ ಗಲ್ಫಿಗೋ ಹೋಗಿ ದುಡ್ಡು ಕಳಿಸಿದರು, ಧಣಿಯ ಹೆದರಿಕೆ ಹೋಯ್ತು. ಆ ಗುರುತು ಸಡಿಲಾದ ಜಾಗಕ್ಕೆ ಧರ್ಮದ ಗುರುತು ಬಂದು ಕೂತಿತು. ಋಣ ಮರೆತರು ಅಂತ ಕಾಂಗ್ರೆಸ್‌ನವರು ಇವತ್ತಿಗೂ ಹೇಳೋದುಂಟು. ನನಗೆ ಅದು ಋಣದ ಪ್ರಶ್ನೆ ಅನ್ನಿಸಲ್ಲ. ಬಗೆಹರಿದ ಸಮಸ್ಯೆಗೆ ಯಾರೂ ಎರಡೆರಡು ಬಾರಿ ವೋಟು ಹಾಕಲ್ಲ.

ಈಗ ನಿಮ್ಮಪ್ಪ. ಅವರ ಮೂರು ವಿಷಯವನ್ನು ಒಂದೊಂದಾಗಿ ನೋಡಿ.

ಮೊದಲನೆಯದು, ಸಮಾಜವಾದಿ ಆ ಕಡೆ ಹೇಗೆ ಹೋದ ಅನ್ನೋದು. ನಿಮಗೆ ಅದು ದೊಡ್ಡ ಜಿಗಿತದ ಥರ ಕಾಣುತ್ತೆ. ಅವರಿಗೆ ಕಾಣದಿರಲು ಕಾರಣ ಇದೆ. ಸಮಾಜವಾದಿ ನಾಯಕ ಲೋಹಿಯಾ ಅರವತ್ತರ ದಶಕದಲ್ಲೇ ಕಾಂಗ್ರೆಸ್ ವಿರುದ್ಧ ಎಲ್ಲರೂ ಒಂದಾಗಿ ಅಂದಿದ್ದರು, 1967ರಲ್ಲಿ ಉತ್ತರದ ಕೆಲವು ರಾಜ್ಯಗಳಲ್ಲಿ ಸಮಾಜವಾದಿಗಳು ಈಗಿನ ಬಿಜೆಪಿಯ ಮೂಲವಾದ ಜನಸಂಘದವರ ಜೊತೆ ಸರ್ಕಾರ ಮಾಡಿದ್ದರು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ ಜೊತೆ ಬಂಧನಕ್ಕೆ ಒಳಗಾದವರಲ್ಲಿ ಸಮಾಜವಾದಿ ಮಧು ದಂಡವತೆಯೂ ಇದ್ದರು. ಸೆಂಟ್ರಲ್ ಜೈಲಿನಲ್ಲಿ ಒಟ್ಟಿಗೆ ಊಟ, ಒಟ್ಟಿಗೆ ಚರ್ಚೆ. ಒಂದೇ ಬ್ಯಾರಕ್ಕಿನಲ್ಲಿ ಕಳೆದ ದಿನಗಳಿಂದ ಬೆಳೆದ ಸ್ನೇಹ ಸಿದ್ಧಾಂತದ ಗೆರೆಗಿಂತ ಗಟ್ಟಿ. ಅಷ್ಟೇ ಅಲ್ಲ, ಪಕ್ಷಗಳೂ ಜಾಗ ಬದಲಿಸಿದವು. ಬಿಜೆಪಿ 1980ರಲ್ಲಿ ಹುಟ್ಟಿದಾಗ ತನ್ನ ದಾರಿ ಗಾಂಧಿವಾದಿ ಸಮಾಜವಾದ ಅಂತ ಹೇಳಿಕೊಂಡಿತ್ತು, ಈಗಿನ ಹುಡುಗರಿಗೆ ಹೇಳಿದರೆ ನಂಬಲ್ಲ. 1976ರಲ್ಲಿ ಸಂವಿಧಾನದ ಪೀಠಿಕೆಗೆ 'ಸಮಾಜವಾದಿ' ಅಂತ ಸೇರಿಸಿದ ಕಾಂಗ್ರೆಸ್ಸೇ 1991ರಲ್ಲಿ ಮಾರುಕಟ್ಟೆ ತೆರೆಯಿತು. ಕಾಂಗ್ರೆಸ್ ವಿರೋಧವೇ ತನ್ನ ಸಮಾಜವಾದದ ತಿರುಳು ಅಂದುಕೊಂಡವನು ನಿಂತಲ್ಲೇ ನಿಂತರೂ ಅಕ್ಕಪಕ್ಕದವರು ಬದಲಾಗಿಬಿಡ್ತಾರೆ. ಸಿದ್ದರಾಮಯ್ಯನವರೂ ಅದೇ ಸಮಾಜವಾದಿ ಗರಡಿಯವರು, ರೈತ ನಾಯಕ ನಂಜುಂಡಸ್ವಾಮಿಯವರ ಪ್ರಭಾವದಲ್ಲಿ ಬೆಳೆದವರು, 1983ರಲ್ಲಿ ಕಾಂಗ್ರೆಸ್ ವಿರುದ್ಧವೇ ಗೆದ್ದು ವಿಧಾನಸಭೆಗೆ ಬಂದವರು. ಅವರು 2006ರಲ್ಲಿ ಕಾಂಗ್ರೆಸ್ ಸೇರಿದರು, ಯಾಕೆಂದರೆ ಅವರು ಗರಡಿಯಿಂದ ಎತ್ತಿಕೊಂಡಿದ್ದು ಹಿಂದುಳಿದವರ ಪ್ರಶ್ನೆ. ಅವರೂ ನಿಮ್ಮಪ್ಪನೂ ಇಬ್ಬರೂ ತಾವು ಬದಲಾಗಿಲ್ಲ ಅಂದರೆ, ಇಬ್ಬರೂ ಪೂರ್ತಿ ಸುಳ್ಳು ಹೇಳ್ತಿಲ್ಲ.

ಎರಡನೆಯದು ಗಟ್ಟಿ ನಾಯಕ. ಇದು ನಿಮಗೆ ಜಾಸ್ತಿ ಚುಚ್ಚಿರಬೇಕು, ಸರ್ವಾಧಿಕಾರದ ವಿರುದ್ಧ ಜೈಲಿಗೆ ಹೋದವರು ಹೀಗೆ ಹೇಳ್ತಾರಲ್ಲ ಅಂತ. ಅವರ 24ನೇ ವಯಸ್ಸು ನೋಡಿ. 1979ರ ಜುಲೈನಲ್ಲಿ ಅವರು ಜೈಲಿಗೆ ಹೋಗಿ ತಂದ ಜನತಾ ಸರ್ಕಾರ ಒಳಜಗಳದಲ್ಲೇ ಬಿತ್ತು. ಚರಣ್ ಸಿಂಗ್ ಪ್ರಧಾನಿಯಾಗಿ ಒಂದು ದಿನವೂ ಲೋಕಸಭೆ ಎದುರಿಸಲಿಲ್ಲ. 1980ರ ಜನವರಿಯಲ್ಲಿ ಯಾರನ್ನು ಇಳಿಸಿದ್ದರೋ ಅವರೇ ವಾಪಸ್ ಬಂದರು, ಕರ್ನಾಟಕದಲ್ಲಿ 28ಕ್ಕೆ 27 ಗೆದ್ದು. ಆಮೇಲೆ ಅವರ ಮೂವತ್ತೈದಕ್ಕೆ ವಿ.ಪಿ. ಸಿಂಗ್ ಸರ್ಕಾರ ಬಿತ್ತು. ನಲವತ್ತೊಂದರ ಹೊತ್ತಿಗೆ ನಮ್ಮ ದೇವೇಗೌಡರೇ ಪ್ರಧಾನಿ, ಹೆಮ್ಮೆ ಪಡುವಷ್ಟರಲ್ಲಿ ಅದೂ ಹೋಯ್ತು. ತನ್ನ ಕಡೆಯವರು ಗೆದ್ದ ಪ್ರತಿ ಸಲವೂ ಕಚ್ಚಾಡಿ ಕಳೆದುಕೊಂಡಿದ್ದನ್ನು ಮೂರು ಬಾರಿ ನೋಡಿದ ಮನುಷ್ಯ, ಕಿತ್ತಾಡದ ಒಬ್ಬ ಸಿಕ್ಕರೆ ಸಾಕಪ್ಪ ಅಂದರೆ ನನಗೆ ಆಶ್ಚರ್ಯ ಇಲ್ಲ. ಸರಿ ಅಂತ ಹೇಳ್ತಿಲ್ಲ. ಆದರೆ ಅದು ಎಪ್ಪತ್ತರ ವಯಸ್ಸಿನ ಪಾಠವಲ್ಲ, ಇಪ್ಪತ್ನಾಲ್ಕರಲ್ಲಿ ಬಿದ್ದ ಪೆಟ್ಟು. ಜೈಲು ಒಂದು ಪಾಠ ಕಲಿಸಿತು, ಜನತಾ ಪಕ್ಷ ಇನ್ನೊಂದು ಕಲಿಸಿತು, ಎರಡನೆಯದು ಮೇಲೆದ್ದಿದೆ.

ಮೀಸಲಾತಿ ವಿಷಯದಲ್ಲಿ ಮಾತ್ರ ನಿಮ್ಮ ಕೋಪಕ್ಕೆ ಅರ್ಥ ಇದೆ. ಲೋಹಿಯಾವಾದಿಗಳು ಹಿಂದುಳಿದವರಿಗೆ ನೂರಕ್ಕೆ ಅರವತ್ತು ಬೇಕು ಅಂತ ಘೋಷಣೆ ಕೂಗಿದವರು, ಅದರಿಂದ ಇಲ್ಲಿಗೆ ಬರೋದು ನಿಜವಾದ ಬದಲಾವಣೆ. ಇದು ಯಾವಾಗ ಆಯ್ತು ಅಂತ ಅವರನ್ನೇ ಕೇಳಿ. ಬಹಳ ಜನರಿಗೆ ಅದು 1990ರ ಮಂಡಲ್ ಗಲಾಟೆಯಲ್ಲಿ ಶುರುವಾಗಿ, ಮಕ್ಕಳ ಸಿಇಟಿ ರ್‍ಯಾಂಕ್ ಬಂದ ದಿನ ಪೂರ್ತಿಯಾಗುತ್ತೆ. ಕಾಲೇಜಿನ ವೇದಿಕೆ ಮೇಲೆ ತತ್ವವಾಗಿದ್ದದ್ದು ಮನೆಯೊಳಗೆ ಸೀಟಿನ ಲೆಕ್ಕವಾಯ್ತು. ನೀವು ಪಿಯುಸಿ ಮುಗಿಸಿದ ವರ್ಷ ಮನೆಯಲ್ಲಿ ಏನು ಮಾತಾಯ್ತು ನೆನಪಿದೆಯಾ? ನಿಮ್ಮ ಸೀಟಿಗಾಗಿಯೇ ಅಪ್ಪ ತಮ್ಮ ಲೋಹಿಯಾರನ್ನು ಬಿಟ್ಟಿರುವ ಸಾಧ್ಯತೆಯೂ ಇದೆ. ಇದನ್ನು ವಯಸ್ಸು ಅನ್ನೋಕಿಂತ ಸ್ವಂತ ಲಾಭ ನಷ್ಟ ಅನ್ನೋದು ನೇರ. ಅದು ಯಾವ ವಯಸ್ಸಲ್ಲೂ, ಯಾವ ದಿಕ್ಕಿಗೂ ಕೆಲಸ ಮಾಡುತ್ತೆ. 2006ರ ಏಪ್ರಿಲ್ ನಂತರ ಸೇರಿದ ನಮ್ಮ ರಾಜ್ಯ ಸರ್ಕಾರಿ ನೌಕರರನ್ನು ನೋಡಿ. ಸೇರುವಾಗ ಇಪ್ಪತ್ತೈದು, ಮಾರುಕಟ್ಟೆಯನ್ನು ನೆಚ್ಚಿಕೊಂಡ ಹೊಸ ಪಿಂಚಣಿ ಅಂದರೆ ಏನು ಅಂತ ಯಾರು ತಲೆ ಕೆಡಿಸಿಕೊಂಡಿದ್ದರು? ನಲವತ್ತು ದಾಟಿದ ಮೇಲೆ ಹಳೇ ಪಿಂಚಣಿ ಕೊಡಿ ಅಂತ ಬೀದಿಗಿಳಿದರು. ಮಾರುಕಟ್ಟೆ ಬೇಡ, ಸರ್ಕಾರವೇ ನೋಡಿಕೊಳ್ಳಲಿ ಅನ್ನೋದು ಎಡಪಂಥದ ಬೇಡಿಕೆ ತಾನೇ? ವಯಸ್ಸಾದಂತೆ ಅವರು ಆ ಒಂದು ವಿಷಯದಲ್ಲಿ ಎಡಕ್ಕೆ ಬಂದರು.

ಫೋನಿನ ಬಗ್ಗೆ ಜಾಸ್ತಿ ಹೇಳಲ್ಲ. 2016ರ ಅಮೆರಿಕದ ಚುನಾವಣೆ ಹೊತ್ತಿಗೆ ಫೇಸ್‌ಬುಕ್‌ನಲ್ಲಿ ಸುಳ್ಳು ಸುದ್ದಿ ಹಂಚಿದವರನ್ನು ಲೆಕ್ಕ ಹಾಕಿದಾಗ 65 ದಾಟಿದವರು ತೀರಾ ಕಿರಿಯರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಂಚಿದ್ದರು, ಪಕ್ಷ ಯಾವುದಾದರೂ ಈ ವಯಸ್ಸಿನ ವ್ಯತ್ಯಾಸ ಉಳಿದೇ ಇತ್ತು. ಹಾಗಾಗಿ ಅಪ್ಪ ಕಳಿಸೋ ಪ್ರತಿ ಫಾರ್ವರ್ಡನ್ನೂ ಅವರ ನಂಬಿಕೆ ಅಂತ ಓದಬೇಡಿ. ಅರ್ಧ ಅವರೇ ಓದಿರಲ್ಲ.

'ಮೊದಲಿಂದಲೂ ಹೀಗೇ' ಅನ್ನೋ ಮಾತಿದೆಯಲ್ಲ, ಅದು ಬೇಕಂತಲೇ ಹೇಳುವ ಸುಳ್ಳಲ್ಲ. ಆಗಲೇ ಹೇಳಿದ ಹೈಸ್ಕೂಲ್ ಅಧ್ಯಯನದಲ್ಲಿ ಇದನ್ನು ಚೆನ್ನಾಗಿ ಹಿಡಿದಿದ್ದಾರೆ. 1982ರಲ್ಲಿ ಅವರನ್ನು 'ನೀವು 1973ರಲ್ಲಿ ಏನು ಹೇಳಿದ್ದಿರಿ' ಅಂತ ಕೇಳಿದರು. 1973ರ ಉತ್ತರ ಸಂಶೋಧಕರ ಕೈಯಲ್ಲೇ ಇತ್ತು. ಜನ ನೆನಪಿಸಿಕೊಂಡ ಉತ್ತರ ನಿಜವಾದ 1973ಕ್ಕಿಂತ 1982ರ ತಮ್ಮ ಅಭಿಪ್ರಾಯಕ್ಕೇ ಹತ್ತಿರ ಇತ್ತು. ನಾವೆಲ್ಲರೂ ಇವತ್ತಿನ ತಲೆಯಿಂದ ನಿನ್ನೆಯನ್ನು ಬರೀತೀವಿ. ಅಪ್ಪನ ಹಳೇ ಕಾಗದ, ಡೈರಿ, ಕಾಲೇಜಿನ ಕರಪತ್ರ ಅಟ್ಟದ ಮೇಲೆಲ್ಲಾದರೂ ಇದ್ದರೆ ಜಗಳಕ್ಕೆ ಬಳಸದೆ ಒಟ್ಟಿಗೆ ಕೂತು ಓದಿ.

ಅಂದಹಾಗೆ, ಅಮ್ಮನ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಜಾತಿ ಬಿಟ್ಟು ಮದುವೆಯಾದದ್ದು ಅಪ್ಪ ಒಬ್ಬರೇ ಅಲ್ಲವಲ್ಲ! ಇದು ನಿಮ್ಮ ತಪ್ಪಷ್ಟೇ ಅಲ್ಲ, ನಮ್ಮ ಶಾಸ್ತ್ರದ್ದೂ ಹೌದು. ಇಪ್ಪತ್ತರಲ್ಲಿ ಅಚ್ಚೊತ್ತುತ್ತೆ ಅನ್ನೋ ಸಿದ್ಧಾಂತವನ್ನು ಕಟ್ಟಿದ್ದೇ ಶಾಲೆ ಕಾಲೇಜಿನ ಮಕ್ಕಳನ್ನು ನೋಡಿ. ನಿಮ್ಮಮ್ಮನ ತಲೆಮಾರಿನ ಬಹುಪಾಲು ಹೆಂಗಸರಿಗೆ ಇಪ್ಪತ್ತರ ಆಸುಪಾಸಿನಲ್ಲಿ ರಾಜಕೀಯ ಅಂದರೆ ಗಂಡ ಹೇಳಿದ ಗುರುತಿಗೆ ಒತ್ತೋದು. 1962ರಲ್ಲಿ ದೇಶದಲ್ಲಿ ಗಂಡಸರು ಶೇ 63ರಷ್ಟು ವೋಟು ಹಾಕಿದ್ದರೆ ಹೆಂಗಸರು ಶೇ 47ಕ್ಕೂ ಕಡಿಮೆ. 2019ರಲ್ಲಿ ಹೆಂಗಸರೇ ಕೂದಲೆಳೆಯಷ್ಟು ಮುಂದೆ. ಕರ್ನಾಟಕದಲ್ಲಿ ಹೆಂಗಸರಿಗೆ ರಾಜಕೀಯದ ನಿಜವಾದ ರುಚಿ ಸಿಕ್ಕಿದ್ದು 1987ರ ಜನವರಿಯಲ್ಲಿ. ರಾಮಕೃಷ್ಣ ಹೆಗಡೆ ಸರ್ಕಾರದ, ಮಂತ್ರಿ ನಜೀರ್ ಸಾಬರು ಹಠ ಹಿಡಿದು ಮಾಡಿಸಿದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯ್ತು, ಕಾಲು ಭಾಗ ಸ್ಥಾನ ಹೆಂಗಸರಿಗೆ. ದೇಶಕ್ಕೆಲ್ಲ ಅಂಥ ನಿಯಮ ಬರೋದಕ್ಕೆ 1993 ಆಗಬೇಕಾಯ್ತು. ಮೂವತ್ತೈದು ನಲವತ್ತರ ಹೆಂಗಸು, ಇಬ್ಬರು ಮೂವರು ಮಕ್ಕಳ ತಾಯಿ, ಮೊದಲ ಬಾರಿ ಸಭೆಯಲ್ಲಿ ಕುರ್ಚಿ ಮೇಲೆ ಕೂತು ಬೋರ್‌ವೆಲ್ ಯಾವ ಕೇರಿಗೆ ಅಂತ ಕೇಳಿದ್ದು ಆಗ. ಎಷ್ಟೋ ಕಡೆ ಗಂಡಂದಿರೇ ಆಡಳಿತ ಮಾಡಿದರು, ಅದೂ ನಿಜ. ಆದರೆ ಕೆಲವರು ಎರಡನೇ ವರ್ಷಕ್ಕೆ ಗಂಡನನ್ನು ಬಾಗಿಲಾಚೆ ಕೂರಿಸಿದರು. ಅಂಥವರ ರಾಜಕೀಯ ಕುದುರಿದ್ದು ನಲವತ್ತರಲ್ಲಿ. ಅದು ಎಡ ಬಲಗಳ ರಾಜಕೀಯವೂ ಅಲ್ಲ. ನೀರು, ರೇಷನ್, ಸಾರಾಯಿ ಅಂಗಡಿ. ಈಗ 2023ರ ಜೂನ್‌ನಿಂದ ಬಸ್ಸು ಫ್ರೀ ಆದ ಮೇಲೆ ಅರವತ್ತೈದರ ಹೆಂಗಸು ಯಾರನ್ನೂ ದುಡ್ಡು ಕೇಳದೆ ತವರಿಗೋ ದೇವಸ್ಥಾನಕ್ಕೋ ಹೋಗಿ ಬರುತ್ತಾಳೆ, ಗಂಡ ಮನೆಯಲ್ಲಿ ಕೂತು ಫುಕ್ಕಟೆ ಯೋಜನೆ ಅಂತ ಬೈತಿರ್ತಾನೆ. ಒಂದೇ ಮನೆ, ಹೆಚ್ಚುಕಡಿಮೆ ಒಂದೇ ವಯಸ್ಸು. ಅಮ್ಮ ಯಾರಿಗೆ ವೋಟು ಹಾಕ್ತಾರೆ ಅಂತ ಕೇಳಿದ್ದೀರಾ? ಅಪ್ಪ ಪಕ್ಕದಲ್ಲಿ ಇಲ್ಲದಾಗ ಕೇಳಿ.

ಇನ್ನು ನಿಮ್ಮ ಕಥೆ. 2011ರಲ್ಲಿ ನಿಮಗೆ ಇಪ್ಪತ್ತು. ಏಪ್ರಿಲ್‌ನಲ್ಲಿ ಅಣ್ಣಾ ಉಪವಾಸ, ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ, ತಿಂಗಳು ಮುಗಿಯೋದರೊಳಗೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ. ನೀವು ಕೂತಿದ್ದ ಫ್ರೀಡಂ ಪಾರ್ಕು ಹಳೇ ಸೆಂಟ್ರಲ್ ಜೈಲಿನ ಜಾಗವೇ. ನಿಮ್ಮಪ್ಪನಿಗೆ ಜೇಪಿ ಇದ್ದ ಹಾಗೆ ನಿಮಗೆ ಅಣ್ಣಾ, ಮತ್ತು ನಿಮ್ಮವರು ಒಡೆದಿದ್ದು ಅವರಿಗಿಂತ ಬೇಗ. 2012ರ ನವೆಂಬರ್‌ಗೆ ಕೇಜ್ರಿವಾಲ್ ಪಕ್ಷ ಕಟ್ಟಿದರು, ಅಣ್ಣಾ ದೂರ ಉಳಿದರು. 2015ರ ಜನವರಿಯಲ್ಲಿ ಕಿರಣ್ ಬೇಡಿ ಬಿಜೆಪಿ ಸೇರಿದರು. ಅದೇ ವರ್ಷ ಯೋಗೇಂದ್ರ ಯಾದವ್, ಪ್ರಶಾಂತ್ ಭೂಷಣ್ ಅವರನ್ನು ಪಕ್ಷದಿಂದ ಹೊರಗೆ ಹಾಕಿದರು. ಅವತ್ತು ನಿಮ್ಮ ಜೊತೆ ಮೇಣದಬತ್ತಿ ಹಿಡಿದವರ ವಾಟ್ಸ್ಆ್ಯಪ್ ಗುಂಪು ಇದ್ದರೆ ಅದರಲ್ಲಿ ಈಗ ಎಷ್ಟು ಬಣ ಇದೆ ನೋಡಿ. ಎಲ್ಲರೂ ಭ್ರಷ್ಟಾಚಾರ ಬೇಡ ಅಂದವರೇ. ಒಬ್ಬ ಅದರಿಂದ ರಾಜಕಾರಣಿಗಳೆಲ್ಲ ಕಳ್ಳರು ಅಂತ ಕಲಿತ, ಇನ್ನೊಬ್ಬ ಕಾಂಗ್ರೆಸ್ ಕಳ್ಳ ಅಂತ ಕಲಿತ, ಮತ್ತೊಬ್ಬ ಸಾಮಾನ್ಯ ಜನ ಬೀದಿಗಿಳಿದರೆ ಸರ್ಕಾರ ಬಗ್ಗುತ್ತೆ ಅಂತ ಕಲಿತ. ನೀವು ಕಲಿತದ್ದು ಯಾವುದು? ಅದು ಬಹುಮಟ್ಟಿಗೆ ನಿಮ್ಮ ಜೊತೆ ಬರುತ್ತೆ. ಪಕ್ಷ ಯಾವುದು ಅಂತ ಈಗಲೇ ಹೇಳೋಕೆ ಆಗಲ್ಲ, ಯಾಕೆಂದರೆ 2050ರಲ್ಲಿ ಯಾವ ಪಕ್ಷ ಎಲ್ಲಿ ನಿಂತಿರುತ್ತೆ ಅಂತ ಆ ಪಕ್ಷಗಳಿಗೇ ಗೊತ್ತಿಲ್ಲ. ನಿಮ್ಮ ಗೆಳೆಯರ ಬಳಗ, ಮದುವೆಯಾಗುವ ಮನೆ, ನಿಮ್ಮ ಹೆಸರಿಗೆ ಬರುವ ಸೈಟು ಅಥವಾ ಬರದೇ ಹೋಗುವ ಪಿಂಚಣಿ, ಇಷ್ಟರ ಮೇಲೆ ಕಣ್ಣಿಟ್ಟಿರಿ. ಅಲುಗಾಡಿಸಿದರೆ ಇವೇ ಅಲುಗಾಡಿಸೋದು.

ಒಂದು ಕೆಲಸ ಹೇಳ್ತೀನಿ, ಈ ವಾರವೇ ಮಾಡಿ. ಒಂದು ಹಾಳೆ ತಗೊಳ್ಳಿ. ಮೀಸಲಾತಿ, ತೆರಿಗೆ, ಧರ್ಮ ಮತ್ತು ಸರ್ಕಾರ, ಕನ್ನಡ ಮತ್ತು ಹೊರಗಿನಿಂದ ಬಂದವರು, ಪೊಲೀಸರಿಗೆ ಎಷ್ಟು ಅಧಿಕಾರ ಇರಬೇಕು ಅನ್ನೋ ಐದು ವಿಷಯದ ಮೇಲೆ ಇವತ್ತು ನಿಮಗೆ ಏನನ್ನಿಸುತ್ತೆ ಅಂತ ನಾಲ್ಕು ನಾಲ್ಕು ಸಾಲು ಬರೆಯಿರಿ. ಪಕ್ಷದ ಹೆಸರು, ನಾಯಕರ ಹೆಸರು ಬರೆಯಬೇಡಿ, ಅವು ಬಂದರೆ ಯೋಚನೆ ನಿಲ್ಲುತ್ತೆ. ಕೆಳಗೆ ತಾರೀಕು ಹಾಕಿ. ಫೋನಿನಲ್ಲಿ ಬೇಡ, ಅದು ಮೂರು ವರ್ಷಕ್ಕೆ ಬದಲಾಗುತ್ತೆ. ಮನೆಯ ಕಾಗದಪತ್ರ ಇಡುವ ಫೈಲಿನಲ್ಲಿ ಸೇರಿಸಿಡಿ. ಸಾಧ್ಯವಾದರೆ ಅಪ್ಪನಿಗೂ ಒಂದು ಹಾಳೆ ಕೊಡಿ, ಅಮ್ಮನಿಗೂ ಒಂದು, ಒಬ್ಬರದ್ದು ಒಬ್ಬರು ನೋಡದೇ ಬರೆಯಲಿ.